ಹೊಂಡದ ಕೆಲಸ, ಹನ್ನೊಂದನೇ ದಿನ: ಕೊನೆಗೂ ಹಿಟಾಚಿ ಬಂತು

ಯಲಬುರ್ಗಾ ಕಡೆಯ ಎರಿ (ಕಪ್ಪು ಮಣ್ಣಿನ) ಹೊಲದಲ್ಲಿ ಕೃತ್ತಿಕಾ ಮಳೆ ಒಂದು ತಾಸು ಹೊಡೆದರೆ ಏನಾಗುತ್ತೆ ಅಂತ ನಿಮಗೆ ಹೇಳಬೇಕಿಲ್ಲ. ಚಪ್ಪಲಿ ಕಾಲಿಗಿಂತ ಭಾರ. ಅಂಥ ಮಣ್ಣಿನ ನಟ್ಟನಡುವೆ, ಕೃಷಿ ಹೊಂಡ ತೋಡಲು ತಂದ ಜೆಸಿಬಿ ನಿಲ್ಲಿಸಿ ಮನೆಗೆ ಹೋಗಿ ಮಲಗಿದ್ದೆ. ಬೆಳಿಗ್ಗೆ ನೋಡಿದರೆ ಮುಂದಿನ ಸಣ್ಣ ಗಾಲಿಗಳು ಅಚ್ಚಿನ ತನಕ ಒಳಗೆ. ಎರಡು ಟ್ರ್ಯಾಕ್ಟರ್ ಕಟ್ಟಿ ಎಳೆಸಿದ್ವಿ. ಮಷೀನಿನ ತಪ್ಪಲ್ಲ, ಆರಿಸಿದವನದು.

ಗುರುತು ಹಾಕಿದ್ದು, ಕಾಯಿ ಒಡೆದದ್ದು ಬಿಡ್ತೀನಿ. ಅಳತೆ ಸರ್ಕಾರದ ಕೃಷಿ ಭಾಗ್ಯ ಯೋಜನೆಯ ದೊಡ್ಡದೇ: 21 × 21 × 3 ಮೀಟರ್. ಗೋಡೆಗೆ ಒಂದಕ್ಕೊಂದು (ಒಂದು ಮೀಟರ್ ಆಳಕ್ಕೆ ಒಂದು ಮೀಟರ್ ಒಳಗೆ) ಇಳಿಜಾರು ಕೊಟ್ಟರೆ 981 ಘನ ಮೀಟರ್. ಆದರೆ ಎರಿ ನೆನೆದು ಉಬ್ಬಿ ಜರಿಯುತ್ತೆ ಅಂತ ಒಂದಕ್ಕೆ ಒಂದೂವರೆ ಹಿಡಿದೆ, 837ಕ್ಕೆ ಇಳಿಯಿತು. 1.44 ಲಕ್ಷ ಲೀಟರ್ ನೀರಿನ ಜಾಗ ಹೋಯಿತು. ಹೊಟ್ಟೆ ಉರೀತು, ಆದರೆ ಗೋಡೆ ನಿಂತಿದೆ.

ನಾನು ಎಡವಿದ್ದು ತಾಸಿನ ಬಾಡಿಗೆ ನೋಡಿ. ಜೆಸಿಬಿ ಅಗ್ಗ, ತಾನೇ ಓಡಿಕೊಂಡು ಬರುತ್ತೆ, ಟ್ರೈಲರ್ ಖರ್ಚಿಲ್ಲ. 12 × 12ರ ಹೊಂಡವಾಗಿದ್ದರೆ ಈಗಲೂ ಅದನ್ನೇ ಕರೀತಿದ್ದೆ. 21 ಮೀಟರಿನ ನಡುವೆ ನಿಂತರೆ ದಡ ಹತ್ತೂವರೆ ಮೀಟರ್ ದೂರ. ಜೆಸಿಬಿಯ ಹಿಂದಿನ ಅಗೆಯುವ ಕೈ ಚಾಚುವುದು ಐದೂವರೆ ಆಸುಪಾಸು. ಅಂದರೆ ನಡುವಿನ ಮಣ್ಣನ್ನು ಒಮ್ಮೆ ಅಗೆದು ಪಕ್ಕಕ್ಕೆ ಹಾಕು, ಮತ್ತೆ ಎತ್ತಿ ಇನ್ನೊಂದು ಪಕ್ಕಕ್ಕೆ ಹಾಕು. ಒಂದೇ ಮಣ್ಣಿಗೆ ಎರಡು ಸಲ ಬಾಡಿಗೆ ಕೊಟ್ಟ ಪುಣ್ಯಾತ್ಮ ನಾನು.

ಟ್ರ್ಯಾಲಿಗೆ ತುಂಬಿಸೋಣ ಅಂದರೆ ಬಕೆಟ್ ಹಿಡಿಯುವುದು ಕಾಲು ಘನ ಮೀಟರ್. ಹನ್ನೆರಡು ಬಕೆಟ್ ಹಾಕಿದರೆ ಒಂದು ಟ್ರ್ಯಾಲಿ. ಅದೂ ಬಕೆಟ್ ಖಾಲಿಯಾದರೆ! ಹಸಿ ಎರಿ ಒಳಗೆ ಹತ್ತಿಕೊಂಡು ಬೀಳುವುದೇ ಇಲ್ಲ. ಆಪರೇಟರ್ ಬಕೆಟ್ ಕುಟ್ಟಿ ಕುಟ್ಟಿ ಸಾಕಾಗಿ, "ಅಣ್ಣಾರ, ಇದು ಮಣ್ಣಲ್ರಿ, ಅಂಟಿನುಂಡಿ" ಅಂದ. ಒಬ್ಬ ಹುಡುಗ ಸಲಿಕೆ ಹಿಡಿದು ಕೆರೆಯುತ್ತಿದ್ದ. ಆತ ಕೆರೆಯುವಾಗಲೂ ಮೀಟರ್ ಓಡುತ್ತಲೇ ಇತ್ತು, ನಾನು ಅದನ್ನೇ ನೋಡುತ್ತ ನಿಂತಿದ್ದೆ.

ಹಿಟಾಚಿಯವನು "ನಾಳೆ ಮುಂಜಾನೆ ಕಳಸ್ತೀನ್ರಿ" ಅಂದದ್ದು ನಾಲ್ಕು ಸಲ. (ಚೈನಿನ ಮೇಲೆ ನಡೆಯುವ ದೊಡ್ಡ ಅಗೆಯುವ ಮಷೀನು, ಯಾವ ಕಂಪನಿಯದಾದರೂ ನಮ್ಮಲ್ಲಿ ಹಿಟಾಚಿನೇ.) ಐದನೇ ನಾಳೆಗೆ ಬಂತು, ಟ್ರೈಲರ್ ಊರಿನ ಬೇವಿನ ಮರದ ತಿರುವಿನಲ್ಲಿ ತಿರುಗಲಿಲ್ಲ. ಅಲ್ಲೇ ಇಳಿಸಿ ಬಂಡಿದಾರಿಯಲ್ಲಿ ಚೈನಿನ ಮೇಲೆ ನಡೆಸಿದ್ವಿ. ಆ ನಡಿಗೆಯ ತಾಸನ್ನೂ ಬಿಲ್ಲಿಗೆ ಸೇರಿಸಿದ. ಜಗಳಾಡಿ ಅರ್ಧಕ್ಕೆ ಒಪ್ಪಿಸಿದೆ.

ಆದರೆ ಕೆಲಸ ನೋಡಬೇಕಿತ್ತು! ಇಪ್ಪತ್ತು ಟನ್ ಇದ್ದರೂ ಅಗಲ ಚೈನಿನ ಮೇಲೆ ಭಾರ ಹರಡಿ, ಜೆಸಿಬಿ ಹೂತ ಜಾಗದಲ್ಲೇ ಆರಾಮಾಗಿ ನಿಂತಿತು. ನಾಲ್ಕು ಬಕೆಟ್ಟಿಗೆ ಟ್ರ್ಯಾಲಿ ಭರ್ತಿ. ಹಿಟಾಚಿ ಒಳಗೇ ನಿಂತು ತುಂಬಿತು, ಒಂದು ಮೂಲೆಯ ಇಳಿಜಾರಿನಲ್ಲಿ ಟ್ರ್ಯಾಲಿಗಳು ಇಳಿದು ಹತ್ತಿದವು. ತಾಸಿನ ಬಾಡಿಗೆ ಎರಡು ಪಟ್ಟು ಮೇಲೆ, ಒಟ್ಟು ಖರ್ಚು ಕಡಿಮೆ. ಅಗೆದ ಮಣ್ಣು ಕಾಲು ಪಾಲು ಉಬ್ಬುತ್ತೆ ಅನ್ನೋದನ್ನ ಮಾತ್ರ ಮರೆತಿದ್ದೆ, ಬದು ಹಾಕಿದ ಮೇಲೂ ಗುಡ್ಡ ಉಳಿದಿದೆ. ಅದರಲ್ಲೇ ಹೊಂಡದ ಬಾಯಿಗೆ ಹೂಳು ತಡೆಯುವ ಗುಂಡಿಗೊಂದು ಕಟ್ಟೆ ಹಾಕೋ ಯೋಚನೆ. ಮುಂದಿನ ವರ್ಷ ಕಾಟ್ಲಾ, ರೋಹು ಮರಿ ಬಿಡಬೇಕು. ಮನೆಯಲ್ಲಿ ಇನ್ನೂ ಹೇಳಿಲ್ಲ.

ಈಗಿನ ತಲೆನೋವು: ಎಂಟಡಿ ಕೆಳಗೆ ಗರಸು (ಕಲ್ಲು ಬೆರೆತ ಗಟ್ಟಿ ಮಣ್ಣು) ಸಿಕ್ಕಿ, ಬಕೆಟ್ ಹಲ್ಲು ಗೋಡೆಯ ತುಂಬ ಗೀರು ಬಿಟ್ಟಿದೆ. ಅದರ ಮೇಲೆ ನೀರು ಇಂಗದಂತೆ ಹಾಸುವ 500 ಮೈಕ್ರಾನ್ ಪ್ಲಾಸ್ಟಿಕ್ ಹಾಳೆ ಹಾಕಿದರೆ ಚೂಪುಗಲ್ಲು ಹರಿದು ಹಾಕುತ್ತೆ. ಹಲ್ಲಿಗೆ ಅಡ್ಡ ಪಟ್ಟಿ ಬೆಸೆದು ಗೋಡೆ ಸವರಬೇಕು. ಕುಕನೂರಿನ ವೆಲ್ಡಿಂಗ್ ಅಂಗಡಿಯಲ್ಲಿ ಪಟ್ಟಿಗೆ ಹೇಳಿ ಬಂದೆ. "ನಾಳೆ ಕೊಡ್ತೀನ್ರಿ" ಅಂದಿದ್ದಾನೆ. ಅಷ್ಟರಲ್ಲಿ ತಳದ ಮೂಲೆಯಲ್ಲಿ ಮೊಣಕಾಲುದ್ದ ನೀರು ನಿಂತು, ಕಪ್ಪೆಗಳು ಗೃಹಪ್ರವೇಶ ಮುಗಿಸಿವೆ.