ಗುಜರಿಯಲ್ಲಿ ಸಿಕ್ಕ ಇಂಜಿನ್ ಬ್ಲಾಕ್ ಸ್ಪೋರ್ಟ್ಸ್ ಕಾರಿನದೇ? ಅದಕ್ಕೆ ಬೆಲೆ ಎಷ್ಟು?

ಹುಬ್ಬಳ್ಳಿಯಲ್ಲಿ ಇಂಜಿನ್ ಬೋರಿಂಗ್ (ಸವೆದ ಸಿಲಿಂಡರನ್ನು ಕೊರೆದು ಹಿಗ್ಗಿಸುವ) ಕೆಲಸ ಮಾಡುವ ನನ್ನನ್ನು ಹಳೆಯ ಕಾರುಗಳ ಹುಚ್ಚಿರುವವರು ಮತ್ತೆ ಮತ್ತೆ ಕೇಳುವುದು ಒಂದೇ ಪ್ರಶ್ನೆ: "ಗುಜರಿಯೊಳಗ ಎಂ.ಜಿ. ಕಾರಿನ ಬ್ಲಾಕ್ ಸಿಕ್ಕೈತ್ರಿ, ಎಷ್ಟಕ್ಕ ಹೋಗಬಹುದ್ರಿ?" ಎಂ.ಜಿ. ಎಂದರೆ ಬ್ರಿಟನ್ನಿನ ಹಳೆಯ ಸ್ಪೋರ್ಟ್ಸ್ ಕಾರು, ಬ್ಲಾಕ್ ಎಂದರೆ ಸಿಲಿಂಡರುಗಳಿರುವ ಇಂಜಿನ್ನಿನ ಒಡಲು. ಬೆಲೆಯ ಮಾತು ಆಮೇಲೆ. ಅದು ಅಂಬಾಸಿಡರ್ ಬ್ಲಾಕ್ ಅಲ್ಲವೆಂಬುದನ್ನು ಮೊದಲು ಖಚಿತಪಡಿಸಿಕೊಳ್ಳಿ ಎಂಬುದೇ ನನ್ನ ಉತ್ತರ.

ಇದು ತಮಾಷೆಯ ಮಾತಲ್ಲ. 1955ರಲ್ಲಿ ಬಂದ ಎಂ.ಜಿ.ಎ. ಸ್ಪೋರ್ಟ್ಸ್ ಕಾರಿಗೆ ಬ್ರಿಟನ್ನಿನ ಬಿ.ಎಂ.ಸಿ. ಕಂಪನಿ ಹಾಕಿದ್ದು 1489 ಸಿಸಿಯ ಬಿ-ಸೀರೀಸ್ ಇಂಜಿನ್ನು. ಅದೇ ವಂಶದ, ಅದೇ 1489 ಸಿಸಿಯ ಇಂಜಿನ್ನು 1959ರ ಹೊತ್ತಿಗೆ ನಮ್ಮ ಅಂಬಾಸಿಡರ್ ಕಾರಿಗೂ ಬಂದು ದಶಕಗಳ ಕಾಲ ಉಳಿಯಿತು. ಎರಡರ ಬೋರ್ (ಸಿಲಿಂಡರಿನ ಒಳವ್ಯಾಸ) 73.025 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಮೇಲೆ-ಕೆಳಗೆ ಚಲಿಸುವ ದೂರ) 88.9 ಮಿ.ಮೀ. ಎರಡಕ್ಕೂ ಕ್ರ್ಯಾಂಕ್‌ಶಾಫ್ಟನ್ನು ಹಿಡಿಯುವ ಮೇನ್ ಬೇರಿಂಗ್ ಮೂರೇ. ಹೆಡ್ಡು, ಕಾರ್ಬ್ಯುರೇಟರ್, ಮ್ಯಾನಿಫೋಲ್ಡ್ ಎಲ್ಲವನ್ನೂ ಕಳಚಿ ಒಯ್ದ ಮೇಲೆ ಉಳಿಯುವ ಬರಿಯ ಬೀಡಿನ ದಿಮ್ಮಿಯನ್ನು ನೋಡಿ ಇದು ಎಂ.ಜಿ. ಎಂದು ಆಣೆ ಮಾಡುವವರ ಮಾತನ್ನು ನಾನಂತೂ ನಂಬುವುದಿಲ್ಲ.

ಆದ್ದರಿಂದ ಅಳತೆಯಿಂದಲೇ ಆರಂಭಿಸಬೇಕು. ಸಿಲಿಂಡರಿನ ಮೇಲ್ಭಾಗ ಹೆಚ್ಚು ಸವೆದಿರುತ್ತದೆ. ಪಿಸ್ಟನ್ ರಿಂಗುಗಳು ಮುಟ್ಟದ ಕೆಳಅಂಚಿನಲ್ಲಿ ಬೋರ್ ಗೇಜ್ ಇಟ್ಟರೆ ಕೊನೆಯ ಸಲ ಬೋರ್ ಮಾಡಿದಾಗಿನ ಅಳತೆ ಸಿಗುತ್ತದೆ. ನಮ್ಮಲ್ಲಿ ಅರವತ್ತು ಸೈಜ್ ಎನ್ನುವಷ್ಟು, ಅಂದರೆ ಸುಮಾರು ಒಂದೂವರೆ ಮಿ.ಮೀ. ಬೋರ್ ಹಿಗ್ಗಿಸಿದ 1489 ಬ್ಲಾಕ್ ಕೂಡ 74.5 ಮಿ.ಮೀ. ಆಸುಪಾಸಿನಲ್ಲಿ ನಿಲ್ಲುತ್ತದೆ. ಗೇಜು 75.4 ತೋರಿಸಿದರೆ ಅದು ಎಂ.ಜಿ.ಎ. 1600ರ 1588 ಸಿಸಿ ಬ್ಲಾಕ್ ಇರಬಹುದೆಂಬ ಆಸೆಗೆ ಆಧಾರ ಸಿಗುತ್ತದೆ, 80.26 ಇದ್ದರೆ ಎಂ.ಜಿ.ಎ. ನಂತರದ ಮಾದರಿಯಾದ ಎಂ.ಜಿ.ಬಿ.ಯ 1798 ಸಿಸಿಯ ಕಡೆಗೆ ನೋಡಬೇಕು. ಎಂ.ಜಿ.ಬಿ.ಯಲ್ಲಿ ಮೊದಲು ಮೂರಿದ್ದ ಮೇನ್ ಬೇರಿಂಗ್ 1964ರ ಕೊನೆಯಲ್ಲಿ ಐದಾಯಿತು, ಹಾಗಾಗಿ ಬ್ಲಾಕನ್ನು ಮಗುಚಿ ಹಾಕಿ ಎಣಿಸಿದರೆ ಕಾಲವೂ ಗೊತ್ತಾಗುತ್ತದೆ. ಸ್ಟ್ರೋಕಿನ ಮೇಲೆ ಮಾತ್ರ ಭರವಸೆ ಇಡಬೇಡಿ. ಈ ಎಲ್ಲ ಇಂಜಿನ್ನುಗಳಲ್ಲೂ ಅದು 88.9 ಮಿ.ಮೀ.

ಇನ್ನೂ ಹಳೆಯದಾದ ಎಂ.ಜಿ. ಟಿ.ಸಿ.ಯ 1250 ಸಿಸಿ ಎಕ್ಸ್‌ಪಿಎಜಿ ಇಂಜಿನ್ನನ್ನು ಗುರುತಿಸಲು ಗೇಜ್ ಕೂಡ ಬೇಡ, ಒಂದು ಬೋಲ್ಟ್ ಸಾಕು. ಅದರ ತಲೆಗೆ ಇಂಗ್ಲಿಷರ ಅಂಗುಲ ಲೆಕ್ಕದ ವಿಟ್‌ವರ್ತ್ ಪಾನಾ ಕೂರುತ್ತದೆ, ಆದರೆ ಆಟೆ (ತಿರುಪಿನ ಗೀರು) ಮಾತ್ರ ಮಿಲಿಮೀಟರಿನದು. ಈ ವಿಚಿತ್ರ ಜೋಡಿಯನ್ನು ಅಂಬಾಸಿಡರಿನಲ್ಲಿ ಕಾಣಲಾರಿರಿ.

ಅಳತೆ ಕೈಕೊಡುವ ಇಂಜಿನ್ನೂ ಒಂದಿದೆ. ಟ್ರಯಂಫ್ ಟಿ.ಆರ್.2 ಎಂಬ ಬ್ರಿಟಿಷ್ ಸ್ಪೋರ್ಟ್ಸ್ ಕಾರಿನ 1991 ಸಿಸಿ ಇಂಜಿನ್ನು ಹುಟ್ಟಿದ್ದು ಸ್ಟ್ಯಾಂಡರ್ಡ್ ವ್ಯಾನ್‌ಗಾರ್ಡ್ ಕಾರಿನ ಇಂಜಿನ್ನಿನಿಂದ, ಮತ್ತು ಅದರ ಹತ್ತಿರದ ದಾಯಾದಿ ಫರ್ಗ್ಯುಸನ್ ಟ್ರ್ಯಾಕ್ಟರಿನಲ್ಲಿದೆ. ಇಲ್ಲಿ ಕಳಚಬಹುದಾದ ವೆಟ್ ಲೈನರ್ (ಸುತ್ತ ನೀರು ಹರಿಯುವ ಸಿಲಿಂಡರ್ ಕೊಳವೆ) ಇರುವುದರಿಂದ 83 ಮಿ.ಮೀ.ಯೋ 85 ಮಿ.ಮೀ.ಯೋ ಎಂಬುದು ಲೈನರಿನ ಕಥೆಯೇ ಹೊರತು ಬ್ಲಾಕಿನದಲ್ಲ. ಬ್ಲಾಕಿನ ಮೇಲೆ ಟಿ.ಎಸ್. ಅಕ್ಷರಗಳಿಂದ ಆರಂಭವಾಗುವ ನಂಬರ್ ಒತ್ತಿರದೆ ಅದನ್ನು ಸ್ಪೋರ್ಟ್ಸ್ ಕಾರಿನದೆಂದು ಒಪ್ಪಬಾರದು. ಪ್ರೀಮಿಯರ್ ಪದ್ಮಿನಿಯ 1089 ಸಿಸಿಯನ್ನು ಇಟಲಿಯ ಚಿಸಿಟಾಲಿಯಾ ಸ್ಪೋರ್ಟ್ಸ್ ಕಾರಿಗೆ ತಳುಕು ಹಾಕುವವರೂ ಇದ್ದಾರೆ. ಆ ಕಾರಿಗೂ ಫಿಯಟ್ 1100ರ ಇಂಜಿನ್ನೇ ಆಧಾರವೆಂಬುದು ನಿಜ, ಆದರೆ ಅಷ್ಟರಿಂದ ಪದ್ಮಿನಿಯ ಬ್ಲಾಕಿಗೆ ಒಂದು ರೂಪಾಯಿಯೂ ಏರುವುದಿಲ್ಲ.

ನಂಬರಿನ ವಿಷಯದಲ್ಲಿ ಜನರು ಎರಡನ್ನು ಬೆರೆಸಿಬಿಡುತ್ತಾರೆ. ಎರಕದ ಅಚ್ಚಿನಲ್ಲೇ ಉಬ್ಬಿ ಬಂದ ಅಂಕಿಗಳು ಆ ಅಚ್ಚಿನ ಎಲ್ಲ ಬ್ಲಾಕುಗಳಿಗೂ ಸಮಾನ; ಅವು ಜಾತಿಯನ್ನು ಹೇಳುತ್ತವೆ. ಆಮೇಲೆ ಪಂಚ್‌ನಿಂದ ಒತ್ತಿದ ಅಥವಾ ಫಲಕದಲ್ಲಿ ಕೊರೆದು ರಿವೆಟ್ ಹೊಡೆದ ನಂಬರ್ ಆ ಒಂದು ಇಂಜಿನ್ನಿನದು. ಎಂ.ಜಿ.ಎ. 1500ರಲ್ಲಿ ಆ ಫಲಕ ಬಿ.ಪಿ.15ಜಿ.ಬಿ., 15ಜಿ.ಬಿ. ಅಥವಾ 15ಜಿ.ಡಿ. ಎಂದು, 1600ರಲ್ಲಿ 16ಜಿ.ಎ. ಎಂದು ಶುರುವಾಗುತ್ತದೆ. ಫಲಕ ಕಿತ್ತು ಬೇರೆಡೆ ಅಂಟಿಸುವುದು ಸುಲಭವಾದ್ದರಿಂದ ರಿವೆಟ್ ಹಳೆಯದೇ, ಸುತ್ತಲಿನ ಬಣ್ಣ ಮತ್ತು ಜಂಗು ಅದಕ್ಕೆ ಹೊಂದುತ್ತವೆಯೇ ಎಂದು ನೋಡಿ. ನಂಬರ್ ಕಾಣಲಿಲ್ಲವೆಂದು ದಯವಿಟ್ಟು ಗ್ರೈಂಡರ್ ಹಚ್ಚಬೇಡಿ. ಸೀಮೆಎಣ್ಣೆ, ಮೆತ್ತನೆಯ ಬ್ರಷ್ ಸಾಕು. ಗ್ರೈಂಡರ್ ಗುರುತಿರುವ ಜಾಗದಲ್ಲಿ ಎಂಥ ನಂಬರಿದ್ದರೂ ತಿಳಿದವರು ಅನುಮಾನದಿಂದಲೇ ನೋಡುತ್ತಾರೆ.

ಬೆಲೆಯನ್ನು ನಾನು ಅಳೆಯುವ ಕ್ರಮ ಹೀಗಿದೆ. ಬಿರುಕು ಬಿಟ್ಟು ರಿಪೇರಿಗೆ ದಕ್ಕದ ಬ್ಲಾಕಿಗೆ ಗುಜರಿಯ ತೂಕದ ದರ. ಪ್ರೆಶರ್ ಟೆಸ್ಟಿನಲ್ಲಿ ನೀರು ಸೋರದೆ, ಇನ್ನೂ ಒಂದೆರಡು ಬೋರಿಂಗಿಗೆ ಗೋಡೆ ಉಳಿದಿದ್ದು, ಮೇನ್ ಬೇರಿಂಗ್ ಕ್ಯಾಪುಗಳು ಅದರದ್ದೇ ಆಗಿದ್ದರೆ ಅದು ಇಂಜಿನ್ ಕಟ್ಟಲು ಬರುವ ಸರಕು. ಕ್ಯಾಪುಗಳನ್ನು ಬ್ಲಾಕಿನ ಜೊತೆಗೇ ಕೂರಿಸಿ ಕೊರೆದಿರುವುದರಿಂದ ಒಂದು ಕಳೆದರೂ ಬೇರೆಯದನ್ನು ತಂದು ಲೈನ್ ಬೋರಿಂಗ್ (ಎಲ್ಲ ಬೇರಿಂಗ್ ತೂತುಗಳನ್ನು ಒಂದೇ ಸಾಲಿಗೆ ಕೊರೆಯುವುದು) ಮಾಡಿಸಬೇಕು, ಆ ಖರ್ಚನ್ನು ಕೊಳ್ಳುವವನು ಬೆಲೆಯಲ್ಲೇ ಕಳೆಯುತ್ತಾನೆ. ಅಂಬಾಸಿಡರ್ ಬ್ಲಾಕೂ ಈ ಮಟ್ಟಕ್ಕೆ ಬರಬಲ್ಲದು, ಅದನ್ನು ತುಚ್ಛವಾಗಿ ಕಾಣಬೇಕಿಲ್ಲ.

ಇದಕ್ಕಿಂತ ಮೇಲಿನ ಬೆಲೆ ಬರುವುದು ನಂಬರಿನಿಂದ, ಅದೂ ಆ ನಂಬರಿನ ಕಾರು ಎಲ್ಲೋ ಬದುಕಿದ್ದರೆ ಮಾತ್ರ. ಇಂಗ್ಲೆಂಡಿನ ಗೇಡನ್‌ನಲ್ಲಿರುವ ಬ್ರಿಟಿಷ್ ಮೋಟರ್ ಮ್ಯೂಸಿಯಂ, ಕಾರ್ಖಾನೆಯ ದಾಖಲೆ ನೋಡಿ ಎಂ.ಜಿ.ಯಂಥ ಕಾರುಗಳಿಗೆ ಹೆರಿಟೇಜ್ ಸರ್ಟಿಫಿಕೇಟ್ ಕೊಡುತ್ತದೆ. ಕಾರ್ಖಾನೆಯಿಂದ ಕಾರು ಹೊರಬಿದ್ದಾಗ ಅದರಲ್ಲಿದ್ದ ಇಂಜಿನ್ನಿನ ನಂಬರ್ ಆ ಸರ್ಟಿಫಿಕೇಟಿನಲ್ಲಿ ಇರುತ್ತದೆ. ನಿಮ್ಮ ನಂಬರ್ ಯಾರದೋ ಸರ್ಟಿಫಿಕೇಟಿಗೆ ತಾಳೆಯಾದರೆ ಆ ಒಬ್ಬ ಮಾಲೀಕನಿಗೆ ಅದರ ಬೆಲೆ ಬೇರೆ, ಉಳಿದವರಿಗೆಲ್ಲ ಅದು ಒಳ್ಳೆಯ ಬ್ಲಾಕ್ ಅಷ್ಟೆ. ನಮ್ಮ ದೇಶದಲ್ಲೂ 2021ರ ನಿಯಮದ ಪ್ರಕಾರ ವಿಂಟೇಜ್ ನೋಂದಣಿ ಸಿಗುವುದು 50 ವರ್ಷ ದಾಟಿದ, ಚಾಸಿ, ಬಾಡಿ, ಇಂಜಿನ್ ಗಣನೀಯವಾಗಿ ಬದಲಾಗದ ವಾಹನಕ್ಕೆ. ಆರ್.ಸಿ.ಯಲ್ಲಿ ಇಂಜಿನ್ ನಂಬರ್ ಇರುವುದರಿಂದ ಬೇರೆ ಬ್ಲಾಕ್ ಕೂರಿಸಿದವರು ಅದನ್ನು ಆರ್.ಟಿ.ಒ. ಕಚೇರಿಯಲ್ಲಿ ದಾಖಲಿಸಬೇಕು, ಹಳೆಯ ನಂಬರನ್ನು ಹೊಸ ಬ್ಲಾಕಿಗೆ ಒತ್ತಿಸುವುದು ಅಪರಾಧ. ಅಂಥ ಕೆಲಸ ನಾನು ಮಾಡುವುದಿಲ್ಲ. ಗುಜರಿಯವನಿಂದ ನಂಬರ್ ಬರೆಸಿದ ರಸೀದಿ ಇಲ್ಲದೆ ಬಂದ ಬ್ಲಾಕಿಗೂ ನಾನು ಬೆಲೆ ಕಟ್ಟುವುದಿಲ್ಲ.