ಟೆನ್ಶನ್ ಮಾಡ್ಕೋಬೇಡ ಅಂದೆ

ಹೋದ ವಾರ ನನ್ನ ಬಾಯಿಂದ ಒಂದು ಮಾತು ಜಾರಿತು. ಇನ್ನೂ ಅದೇ ಕೊರೆಯುತ್ತಿದೆ.

ಬರ್ಲಿನ್‌ನಲ್ಲಿ ನಮ್ಮ ಕೆಳಗಿನ ಮನೆಯಲ್ಲಿರುವ ಗೆಳತಿ ಚೊಚ್ಚಲ ಬಸುರಿ. 33ನೇ ವಾರ. ತಪಾಸಣೆಗೆ ಹೋದವಳನ್ನು ಹಾಗೇ ಆಸ್ಪತ್ರೆಯಲ್ಲಿ ಉಳಿಸಿಕೊಂಡರು. ಬಿಪಿ 160/105, ಮೂತ್ರದಲ್ಲಿ ಪ್ರೋಟೀನ್. ಪ್ರಿಎಕ್ಲಾಂಪ್ಸಿಯಾ ಅಂದರಂತೆ, ಬಸುರಿಯಲ್ಲಿ ಬಿಪಿ ಏರಿ ತಾಯಿಗೂ ಮಗುವಿಗೂ ಅಪಾಯ ತರುವ ಕಾಯಿಲೆ. ಸಂಜೆ ನೋಡಲು ಹೋದೆ. ತೋಳಿಗೆ ಕಟ್ಟಿದ್ದ ಬಿಪಿ ಪಟ್ಟಿ ಹೊತ್ತು ಹೊತ್ತಿಗೆ ತಾನಾಗಿ ಉಬ್ಬುತ್ತಿತ್ತು. ಪ್ರತಿ ಸಲ ಅವಳು ಮಾತು ನಿಲ್ಲಿಸಿ, ಉಸಿರು ಬಿಗಿಹಿಡಿದು, ಪರದೆಯ ಮೇಲಿನ ಅಂಕಿ ನೋಡುತ್ತಿದ್ದಳು. ನನಗೆ ತಡೆಯಲಾಗಲಿಲ್ಲ. ಕೈ ಹಿಡಿದು, "ಟೆನ್ಶನ್ ಮಾಡ್ಕೋಬೇಡ, ಅದಕ್ಕೇ ಬಿಪಿ ಏರೋದು" ಅಂದೆ. ಹೇಳಿದ್ದು ಜರ್ಮನ್‌ನಲ್ಲಿ. ಮಾತು ಮಾತ್ರ ನಮ್ಮ ಮನೆಯದೇ.

ಅವಳು ನನ್ನ ಮುಖ ನೋಡಿದಳು. "ಅಂದ್ರೆ, ಇದನ್ನ ನಾನೇ ತಂದುಕೊಂಡೆ ಅಂತೀಯಾ?"

ಏನು ಹೇಳಲಿ? ಸುಮ್ಮನೆ ಅವಳ ಕೈ ಸವರುತ್ತಾ ಕೂತೆ. ವಾಪಸ್ ಬರುವಾಗ ರೈಲಿನಲ್ಲಿ ಚಿಕ್ಕಮ್ಮ ನೆನಪಾದರು.

ಆಗ ನನಗೆ ಒಂಬತ್ತು ವರ್ಷ. ಚಿಕ್ಕಮ್ಮನಿಗೆ ಏಳು ತಿಂಗಳು. ಅವರ ಪಾದಗಳು ಊದಿದ್ದವು. ಬೆರಳಿಂದ ಒತ್ತಿದರೆ ಗುಳಿ ಬೀಳುತ್ತಿತ್ತು, ಮೇಲೇಳಲು ತುಂಬಾ ಹೊತ್ತು ಬೇಕಾಗುತ್ತಿತ್ತು. ನಾವು ಮಕ್ಕಳು ಅದನ್ನೇ ಆಟ ಮಾಡಿಕೊಂಡಿದ್ದೆವು. ಚಿಕ್ಕಮ್ಮನೂ ನಗುತ್ತಾ ಕಾಲು ಚಾಚಿ ಕೊಡುತ್ತಿದ್ದರು. ಒಂದು ದಿನ "ತಲೆ ಸಿಡೀತಿದೆ, ಕಣ್ಣು ಮಂಜಾಗ್ತಿದೆ" ಅಂದರು. ಬಸುರಿಗೆ ಇದೆಲ್ಲ ಮಾಮೂಲು ಅಂತ ದೊಡ್ಡವರು ಮಲಗಿಸಿದರು. ಆ ರಾತ್ರಿ ಫಿಟ್ಸ್ ಬಂತು. ಚಿಕ್ಕಮ್ಮ ಉಳಿದರು. ಮಗು ಉಳಿಯಲಿಲ್ಲ.

ಆಮೇಲೆ ವರ್ಷಗಟ್ಟಲೆ ಮನೆಯಲ್ಲಿ ಓಡಾಡಿದ ಮಾತು ಒಂದೇ. "ಅವಳದ್ದು ಜಾಸ್ತಿ ಯೋಚನೆ. ಯೋಚನೆ ಮಾಡಿ ಮಾಡಿ ಬಿಪಿ ಏರಿಸ್ಕೊಂಡಳು." ಬೇರೆಯವರಲ್ಲ, ಅಜ್ಜಿಯೇ ಅನ್ನುತ್ತಿದ್ದರು. ಚಿಕ್ಕಮ್ಮ ಎದುರಾಡಿದ್ದು ನಾನು ನೋಡಿಲ್ಲ.

ಅಂದು ರಾತ್ರಿ ನಿದ್ದೆ ಬರದೆ ಓದುತ್ತಾ ಕೂತೆ. ಓದಿದ್ದು ನನ್ನನ್ನು ನಾನೇ ಇರುವ ಊರಿಗೆ ಕರೆತಂದಿತು. ಬರ್ಲಿನ್‌ನ ಉತ್ತರ ತುದಿಯಲ್ಲಿ ಬೂಖ್ ಅನ್ನೋ ಬಡಾವಣೆ ಇದೆ. ಅಲ್ಲಿನ ಮ್ಯಾಕ್ಸ್ ಡೆಲ್‌ಬ್ರುಕ್ ಸೆಂಟರ್‌ನಲ್ಲಿ ವಿಜ್ಞಾನಿ ಗೆರ್ಡ್ ವಾಲುಕಾಟ್ ಮತ್ತು ಸಂಗಡಿಗರು ಪ್ರಿಎಕ್ಲಾಂಪ್ಸಿಯಾ ಇದ್ದ 25 ಹೆಂಗಸರ ರಕ್ತ ಪರೀಕ್ಷಿಸಿದರು. ಎಳೆ ಇಲಿಮರಿಯ ಹೃದಯದ ಕೋಶಗಳನ್ನು ತಟ್ಟೆಯಲ್ಲಿ ಬೆಳೆಸಿದರೆ ಅವು ತಾವಾಗಿಯೇ ಮಿಡಿಯುತ್ತವೆ. ಅದಕ್ಕೆ ಈ ಹೆಂಗಸರ ರಕ್ತದಿಂದ ತೆಗೆದ ಆಂಟಿಬಾಡಿ ಹಾಕಿದರು. ಮಿಡಿತ ಜೋರಾಯಿತು. 25 ಜನರದ್ದರಲ್ಲೂ. ಆರೋಗ್ಯವಾಗಿದ್ದ ಬಸುರಿಯರ ಆಂಟಿಬಾಡಿ ಹಾಕಿದರೆ ಏನೂ ಆಗಲಿಲ್ಲ. ಇದು ಪ್ರಕಟವಾಗಿದ್ದು 1999ರಲ್ಲಿ, ಚಿಕ್ಕಮ್ಮ ಮಗು ಕಳೆದುಕೊಂಡು ಐದು ವರ್ಷಕ್ಕೆ.

ಆಂಟಿಬಾಡಿ ಅಂದರೆ ರೋಗಾಣುವಿನ ವಿರುದ್ಧ ನಮ್ಮ ಮೈ ತಯಾರಿಸುವ ಕಾವಲುಗಾರ, ಅಲ್ವಾ? ಇಲ್ಲಿ ಅದು ತನ್ನ ಮೈಯನ್ನೇ ಹಿಡಿಯುತ್ತದೆ. ರಕ್ತನಾಳ ಬಿಗಿ ಮಾಡುವ ಆಂಜಿಯೊಟೆನ್ಸಿನ್ ಅನ್ನೋ ಹಾರ್ಮೋನ್ ನಮ್ಮೆಲ್ಲರಲ್ಲೂ ಇದೆ. ರಕ್ತನಾಳದ ಕೋಶಗಳ ಮೇಲೆ, ಆ ಹೃದಯದ ಕೋಶಗಳ ಮೇಲೂ, ಅದು ಬಂದು ಒತ್ತುವ ಒಂದು ಗುಂಡಿ ಇದೆ. ಹಾರ್ಮೋನ್ ಒತ್ತಿ ಹೋಗುತ್ತದೆ. ಈ ಆಂಟಿಬಾಡಿ ಅದೇ ಗುಂಡಿಗೆ ಅಂಟಿಕೊಳ್ಳುತ್ತದೆ, ಕಾಲಿಂಗ್ ಬೆಲ್ ಒತ್ತಿದವರು ಬೆರಳು ತೆಗೆಯದೆ ನಿಂತ ಹಾಗೆ. ನಾಳ ಬಿಗಿಯುತ್ತದೆ, ಬಿಪಿ ಏರುತ್ತದೆ.

2008ರಲ್ಲಿ ಅಮೆರಿಕದ ಹ್ಯೂಸ್ಟನ್‌ನ ವಿಜ್ಞಾನಿಗಳು ಇಂಥ ಹೆಂಗಸರ ಆಂಟಿಬಾಡಿಯನ್ನು ಗಬ್ಬದ ಇಲಿಗಳಿಗೆ ಚುಚ್ಚಿದರು. ಅವುಗಳ ಬಿಪಿ ಏರಿತು, ಮೂತ್ರದಲ್ಲಿ ಪ್ರೋಟೀನ್ ಬಂತು. ಇಲಿ ಯಾವ ಯೋಚನೆ ಮಾಡಿತ್ತು? ಯಾವ ಟೆನ್ಶನ್ ಮಾಡಿಕೊಂಡಿತ್ತು? ಆ ಸಾಲು ಓದಿ ನಾನು ಅತ್ತುಬಿಟ್ಟೆ.

ಇದೊಂದೇ ಕಾರಣ ಅಂತಲ್ಲ. ಆಮೇಲಿನ ಅಧ್ಯಯನಗಳಲ್ಲಿ ಈ ಆಂಟಿಬಾಡಿ ಎಲ್ಲರಲ್ಲೂ ಸಿಗಲಿಲ್ಲ. ಮಾಸು ಅಂದರೆ ಪ್ಲಾಸೆಂಟಾಗೆ ರಕ್ತ ಸಾಲದೆ ಹೋಗುವುದೂ ಇದರಲ್ಲಿ ಸೇರಿದೆ. ಆ ಗುಂಡಿಯನ್ನು ಮುಚ್ಚುವ ಲೊಸಾರ್ಟನ್ ಅನ್ನೋ ಮಾತ್ರೆ ಇದೆ, ಆದರೆ ಹೊಟ್ಟೆಯಲ್ಲಿರುವ ಮಗುವಿನ ಮೂತ್ರಪಿಂಡಕ್ಕೆ ಅದು ಕೆಡುಕು. ಹಾಗಾಗಿ ಬಸುರಿಯರಿಗೆ ಕೊಡುವುದಿಲ್ಲ. ಲ್ಯಾಬೆಟಲಾಲ್, ನಿಫೆಡಿಪಿನ್ ಥರದ ಬೇರೆ ಮಾತ್ರೆ ಕೊಟ್ಟು ಬಿಪಿ ಹಿಡಿದಿಡುತ್ತಾರೆ. ಫಿಟ್ಸ್ ತಡೆಯಲು ಮೆಗ್ನೀಸಿಯಂ ಸಲ್ಫೇಟ್ ಕೊಡುತ್ತಾರೆ. ಕೊನೆಗೆ ನಿಜವಾದ ಬಿಡುಗಡೆ ಹೆರಿಗೆಯೇ. ಚಿಕ್ಕಮ್ಮನ ರಕ್ತದಲ್ಲಿ ಈ ಆಂಟಿಬಾಡಿ ಇತ್ತೋ ಇಲ್ಲವೋ, ಯಾರೂ ನೋಡಿದವರಿಲ್ಲ. ಆದರೆ ಅವರು ಯೋಚನೆ ಮಾಡಿ ಮಗು ಕಳೆದುಕೊಂಡರು ಅನ್ನೋ ಮಾತನ್ನು ನಾನಿನ್ನು ಯಾರ ಬಾಯಲ್ಲೂ ಕೇಳಲಾರೆ.

ಮಾರನೇ ದಿನ ಗೆಳತಿಯ ಹತ್ತಿರ ಕ್ಷಮೆ ಕೇಳಿದೆ. ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಚಿಕ್ಕಮ್ಮನಿಗೆ ಫೋನ್ ಮಾಡಿದೆ. ಅವರು ಇವತ್ತಿಗೂ ಬಿಪಿ ಮಾತ್ರೆ ತಗೊಳ್ಳುತ್ತಾರೆ. ಬಸುರಿಯಲ್ಲಿ ಹೀಗಾದವರಿಗೆ ಮುಂದೆ ಬಿಪಿ ಬರುವ ಸಾಧ್ಯತೆ ಜಾಸ್ತಿಯಂತೆ. ಬೂಖ್, ಇಲಿ, ಗುಂಡಿ, ಎಲ್ಲಾ ಹೇಳಿದೆ. ಆ ಕಡೆ ಸದ್ದೇ ಇಲ್ಲ. ಫೋನ್ ಕಟ್ಟಾಯಿತೇನೋ ಅಂದುಕೊಂಡೆ.

"ಇದನ್ನ ನಿಮ್ಮಜ್ಜಿ ಇದ್ದಾಗ ಹೇಳಬೇಕಿತ್ತು ಕಣೇ" ಅಂದರು.

ಆಮೇಲೆ ಗಂಟಲು ಸರಿ ಮಾಡಿಕೊಂಡು, "ಆ ಹುಡುಗಿಗೆ ತಲೆ ನೋಯ್ತಿದ್ಯಾ? ಕಣ್ಣು ಮಂಜಾಗ್ತಿದ್ಯಾ? ಕೇಳಿದ್ಯಾ ನೀನು? ಫೋನ್ ಇಡು, ಹೋಗು, ಈಗ್ಲೇ ಕೇಳು" ಅಂದರು.