ಬಮಾಕೊದಲ್ಲಿ ಸಿಕ್ಕ ಮನೆತನ

ಬಮಾಕೊ ರೈಲ್ವೆ ಸ್ಟೇಷನ್ನಿನ ಪ್ಲಾಟ್‌ಫಾರ್ಮ್ ಖಾಲಿ ಇತ್ತು. ಹಿಂದಿನ ವರ್ಷವೇ ಪ್ಯಾಸೆಂಜರ್ ರೈಲು ನಿಂತುಹೋಗಿತ್ತು. ನಾನು ಹೋಗಿದ್ದು ಫೋಟೊ ನೋಡೋದಕ್ಕೆ, 2019ರ ಡಿಸೆಂಬರ್‌ನಲ್ಲಿ. ಮಾಲಿ ದೇಶದ ಈ ರಾಜಧಾನಿಯಲ್ಲಿ 1994ರಿಂದ ಆಫ್ರಿಕಾದ ಫೋಟೊಗ್ರಾಫರ್‌ಗಳ ದೊಡ್ಡ ಮೇಳ ನಡೆಯುತ್ತಿದೆ. ಆದರೆ ಮೊದಲು ಸ್ಟೇಷನ್ ನೋಡಲೇಬೇಕು ಅನ್ನಿಸಿತ್ತು. ಫೋಟೊಗ್ರಾಫರ್ ಸೆಯ್ದೂ ಕೇಯ್ತಾ 1948ರಲ್ಲಿ ಸ್ಟುಡಿಯೊ ತೆರೆದದ್ದು ಇಲ್ಲೇ ಹತ್ತಿರದಲ್ಲಿ.

ಅಲ್ಲಿಯವರೆಗೆ ಆಫ್ರಿಕಾದ ಜನರನ್ನು ಎಷ್ಟೋ ಸಲ ಹೊರಗಿನವರು ಫೋಟೊ ತೆಗೆದಿದ್ದರು, ಮ್ಯೂಸಿಯಮ್ಮಿನ ಮಾದರಿಗಳ ಥರ. ಕೇಯ್ತಾ ಹತ್ತಿರ ಜನ ತಾವಾಗಿ ಬಂದರು, ದುಡ್ಡು ಕೊಟ್ಟು, ತಮಗೆ ಹೇಗೆ ಕಾಣಬೇಕೋ ಹಾಗೆ ಕೂತರು. ಸೂಟು, ವಾಚು, ಪೆನ್ನು, ರೇಡಿಯೊ ಎಲ್ಲಾ ಸ್ಟುಡಿಯೊದಲ್ಲೇ ಸಿಗುತ್ತಿತ್ತು. ಅಂಗಳದ ಬಿಸಿಲಲ್ಲಿ, ಸಾಮಾನ್ಯವಾಗಿ ಒಬ್ಬರಿಗೆ ಒಂದೇ ಕ್ಲಿಕ್. ಹಿಂದೆ ಕಟ್ಟಲು ಕೇಯ್ತಾ ಅವರದೇ ಮಂಚದ ಕುಚ್ಚಿನ ಹೊದಿಕೆ. ಎರಡು ಮೂರು ವರ್ಷಕ್ಕೊಮ್ಮೆ ಆ ಬಟ್ಟೆ ಬದಲಾಗುತ್ತಿತ್ತು. ಯಾವ ಫೋಟೊ ಯಾವ ವರ್ಷದ್ದು ಅಂತ ಆಮೇಲೆ ಅವರು ಗುರುತು ಹಿಡಿದದ್ದು ಈ ಬಟ್ಟೆಗಳಿಂದಲೇ.

ನನ್ನ ಅಪ್ಪನ ಒಂದೇ ಒಂದು ಹಳೇ ಫೋಟೊ ನೆನಪಾಯಿತು. ದಾವಣಗೆರೆಯ ಸ್ಟುಡಿಯೊದಲ್ಲಿ ತೆಗೆಸಿದ್ದು. ಕೈಯಲ್ಲಿರೋ ವಾಚು ಗೆಳೆಯನದು. ಆ ವಾಚು ಕಾಣಲಿ ಅಂತ ಅಪ್ಪ ಮಣಿಕಟ್ಟು ಮುಂದೆ ಮಾಡಿ ಕೂತಿದ್ದಾರೆ.

ಮಧ್ಯಾಹ್ನ ಹಸಿರು ಬಣ್ಣದ ಸೋತ್ರಾಮಾ ವ್ಯಾನಿನಲ್ಲಿ ಒತ್ತಿಕೊಂಡು ಬಗದಾಜಿ ಬಡಾವಣೆಗೆ ಹೋದೆ. ಅಲ್ಲಿ ಇನ್ನೊಬ್ಬ ಫೋಟೊಗ್ರಾಫರ್ ಮಾಲಿಕ್ ಸಿದಿಬೆ ಅವರ ಸ್ಟುಡಿಯೊ ಇದೆ. ಕಿರಾಣಿ ಅಂಗಡಿಯಷ್ಟೇ ಜಾಗ. 1960ರಲ್ಲಿ ಸ್ವಾತಂತ್ರ್ಯ ಬಂದ ಮೇಲೆ ಊರಿನ ಹುಡುಗ ಹುಡುಗಿಯರು ಕ್ಲಬ್ಬು ಕಟ್ಟಿಕೊಂಡು ರಾತ್ರಿಯೆಲ್ಲಾ ಕುಣಿಯುತ್ತಿದ್ದರು. ಸಿದಿಬೆ ಪಾರ್ಟಿಯಿಂದ ಪಾರ್ಟಿಗೆ ಓಡಾಡಿ ಫೋಟೊ ತೆಗೆದರು. ಆಮೇಲೆ ಚಿಕ್ಕ ಪ್ರಿಂಟುಗಳನ್ನು ರಟ್ಟಿಗೆ ಅಂಟಿಸಿ ಇಡೋರು. ಕುಣಿದವರು ಬಂದು ತಮ್ಮದನ್ನು ಹುಡುಕಿಕೊಂಡು ಆರಿಸೋರು.

1963ರ ಕ್ರಿಸ್‌ಮಸ್ ರಾತ್ರಿಯ ಫೋಟೊ ಎಲ್ಲಕ್ಕಿಂತ ಹೆಸರುವಾಸಿ. ಅದರಲ್ಲಿ ಕುಣಿಯುತ್ತಿರೋ ಜೋಡಿ ಪ್ರೇಮಿಗಳಲ್ಲ, ಒಡಹುಟ್ಟಿದವರು. ಹುಡುಗ ಬಿಳಿ ಸೂಟಿನಲ್ಲಿ, ಹುಡುಗಿ ಬರಿಗಾಲಲ್ಲಿ. ಇಬ್ಬರ ಹಣೆ ಇನ್ನೇನು ತಾಗಬೇಕು. ಕಣ್ಣು ನೆಲದ ಮೇಲೆ, ಹೆಜ್ಜೆ ತಪ್ಪಬಾರದಲ್ವಾ! ಅಷ್ಟು ಸಂತೋಷವನ್ನು ಒಂದೇ ಫೋಟೊದಲ್ಲಿ ನಾನು ಬೇರೆ ಎಲ್ಲೂ ಕಂಡಿಲ್ಲ. 2007ರಲ್ಲಿ ಇಟಲಿಯ ಕಲಾಮೇಳ ವೆನಿಸ್ ಬಿನಾಲೆ ಸಿದಿಬೆ ಅವರಿಗೆ ಜೀವಮಾನದ ಸಾಧನೆಗಾಗಿ ಚಿನ್ನದ ಸಿಂಹ ಪ್ರಶಸ್ತಿ ಕೊಟ್ಟಿತು. ಅದು ಸಿಕ್ಕ ಮೊದಲ ಫೋಟೊಗ್ರಾಫರ್ ಅವರು.

ರಾತ್ರಿ ನಾನು ಇಳಿದುಕೊಂಡಿದ್ದ ಮನೆಯ ಅಂಗಳದಲ್ಲಿ ಕೋರಾ ಕೇಳಿದೆ. ದೊಡ್ಡ ಸೋರೆ ಬುರುಡೆಗೆ ಚರ್ಮ ಬಿಗಿದ, 21 ತಂತಿಯ ವಾದ್ಯ. ನುಡಿಸಿದವರು ಜೆಲಿ ಮನೆತನದವರು. ನಮ್ಮ ಹೆಳವರ ಹಾಗೆ ವಂಶದ ಕಥೆಯನ್ನು ಬಾಯಲ್ಲೇ ಕಾಪಾಡೋರು. ಇಲ್ಲಿ ಮನೆತನದ ಹೆಸರು, ಅಂದರೆ ಜಾಮು, ಕೇಳಿದರೆ ಸಾಕು, ಯಾವ ಕುಲ, ಯಾವ ಕಸುಬು ಅಂತ ತಿಳಿಯುತ್ತದೆ. ಕೇಯ್ತಾ ಅಂದರೆ ಹಳೇ ಮಾಲಿ ಸಾಮ್ರಾಜ್ಯ ಕಟ್ಟಿದ ರಾಜ ಸುಂಜಾಟನ ವಂಶ. ಆ ವಂಶದವರು ಹಾಡಬಾರದು. ಆದರೂ ಹೆಸರಾಂತ ಗಾಯಕ ಸಾಲಿಫ್ ಕೇಯ್ತಾ ಹಾಡಿದರು. ಎಲ್ಲಿ ಗೊತ್ತಾ? ಬೆಳಗ್ಗೆ ನಾನು ನೋಡಿದ ಅದೇ ಸ್ಟೇಷನ್ನಿನ ಹೋಟೆಲ್ಲಿನಲ್ಲಿ, 1970ರಲ್ಲಿ ಶುರುವಾದ ರೈಲ್ ಬ್ಯಾಂಡ್ ಜೊತೆ.

ಜೆಲಿ ನನ್ನ ಜಾಮು ಕೇಳಿದರು. ನನ್ನ ಹೆಸರಿನ ಮುಂದಿರೋದು ಎರಡು ಇನಿಷಿಯಲ್, ಒಂದು ಊರು, ಇನ್ನೊಂದು ಅಪ್ಪ. ಮನೆತನ ಅಂತ ಹೇಳೋಕೆ ಏನೂ ಇಲ್ಲ ಅಂದೆ. ಅವರಿಗೆ ನಿಜಕ್ಕೂ ಬೇಸರವಾಯಿತು. ಮನೆಯ ಅಮ್ಮ ತಕ್ಷಣ, ಇವನು ನಮ್ಮವನೇ, ತ್ರಾವೊರೆ, ಅಂದರು. ಜೆಲಿ ತ್ರಾವೊರೆಗಳ ಹಾಡು ಎತ್ತಿಕೊಂಡರು. ನಡುನಡುವೆ ನನ್ನ ಅಪ್ಪನ ಹೆಸರು ಬಂತು.

ಬೆಳಗ್ಗೆ ಬೀದಿ ತುದಿಯಲ್ಲಿ ಹಸಿರು ಟೀ ಕಾಯಿಸುತ್ತಿದ್ದ ಅಜ್ಜ ಹೆಸರು ಕೇಳಿದರು. ತ್ರಾವೊರೆ ಅಂದೆ. ಅವರು ಜಾರಾ. ಈ ಎರಡು ಮನೆತನದವರು ಒಬ್ಬರನ್ನೊಬ್ಬರು ರೇಗಿಸಲೇಬೇಕು, ಅದು ಅಲ್ಲಿಯ ಪದ್ಧತಿ. ಅಜ್ಜ ಲೋಟ ನನ್ನ ಕೈಗಿಟ್ಟು, ‘ಅಲಸಂದೆ ತಿನ್ನೋನೇ!’ ಅಂದರು.